ಬಂಪರಿಗೂ ತುಕ್ಕು ಹಿಡಿದಿದ್ದ ಬಿಳಿ ಕಾರು

ಬಿಳಿ ಕಾರಿನ ಮೇಲೆ ಕಂದು ಚುಕ್ಕೆ ಕಂಡರೆ ಉಗುರಿನಿಂದ ಕೆರೆಯಬೇಡಿ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವ ಮೊದಲ ಮಾತು ಇದು. ಉಗುರು ಹಾಕಿದರೆ ಚುಕ್ಕೆ ಹೋಗುವುದಿಲ್ಲ, ಪಕ್ಕದಲ್ಲೊಂದು ಗೀರು ಬೀಳುತ್ತದೆ. ಆ ಗೀರು ಯಾರದೆಂದು ಗಿರಾಕಿಗೆ ತಿಳಿಯದೇ ಇರಬಹುದು, ನಿಮಗೆ ತಿಳಿದಿರುತ್ತದೆ.

ನನ್ನ ಹೆಸರು ಗಿರಿಜಮ್ಮ. ಊರು ಹೊಳೆನರಸೀಪುರ. ಹಾಸನದ ಹೊರಗಡೆ ಇರುವ ಒಂದು ಕಾರು ವರ್ಕ್‌ಶಾಪಿನಲ್ಲಿ ಇಪ್ಪತ್ತಾರು ವರ್ಷ ದುಡಿದು ಹೋದ ವರ್ಷ ನಿವೃತ್ತಳಾದೆ. ಟೈಲರ್ ಕೆಲಸ ಮಾಡುವ ನಮ್ಮ ಯಜಮಾನರನ್ನು ಯಾರಾದರೂ ‘ಮನೆಯವರು ಏನ್ ಕೆಲಸ’ ಎಂದು ಕೇಳಿದರೆ ‘ಕಾರ್ ತೊಳೀತಾಳೆ’ ಅನ್ನುತ್ತಿದ್ದರು. ಅದು ಸುಳ್ಳಲ್ಲ. ಆದರೆ ಕೊನೆಯ ಹದಿನೈದು ವರ್ಷ ನಾನು ಮಾಡಿದ್ದು ಕಾರಿನ ಬಣ್ಣದ ಮೇಲೆ, ಚಕ್ರದ ಮೇಲೆ ಕಚ್ಚಿಕೊಂಡ ಕಬ್ಬಿಣವನ್ನು ಬಿಡಿಸುವ ಕೆಲಸ. ಅಂಥದ್ದೊಂದು ಕೆಲಸ ಇದೆಯೆಂದೇ ಬಹಳ ಜನಕ್ಕೆ ಗೊತ್ತಿಲ್ಲ.

ಕಬ್ಬಿಣ ಎಲ್ಲಿಂದ ಬರುತ್ತದೆ ಎಂದು ಕೇಳುತ್ತೀರಿ. ನೀವು ಬ್ರೇಕ್ ಒತ್ತಿದಾಗಲೆಲ್ಲ ಚಕ್ರದ ಒಳಗಿನ ಡಿಸ್ಕ್ ಒಂದಿಷ್ಟು ಸವೆದು ಪುಡಿ ಹಾರುತ್ತದೆ. ರೈಲು ಹಳಿಯ ಪಕ್ಕ ಕಾರು ನಿಲ್ಲಿಸಿದರೆ ಅಲ್ಲಿಂದಲೂ ಬರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ. ಬಣ್ಣದ ಮೇಲೆ ಕೂತು ಕಚ್ಚಿಕೊಳ್ಳುತ್ತದೆ. ಇಬ್ಬನಿಯೋ ಮಳೆಯೋ ತಗುಲಿ ತುಕ್ಕು ಹಿಡಿದಾಗಲೇ ಅದು ನಮ್ಮ ಕಣ್ಣಿಗೆ ಬೀಳುವುದು. ಕಪ್ಪು ಕಾರಿನ ಮೇಲೂ ಇರುತ್ತದೆ, ಕಾಣುವುದಿಲ್ಲ. ಬಿಳಿ ಕಾರಿಗೆ ಏನನ್ನೂ ಮುಚ್ಚಿಡಲು ಬರುವುದಿಲ್ಲ.

ನಾನು ಸೇರಿದ್ದು ಸೀಟು, ಮ್ಯಾಟು ಒರೆಸುವುದಕ್ಕೆ. ಬೆಳಗಿನ ರೈಲಿಗೆ ಹೊಳೆನರಸೀಪುರದಲ್ಲಿ ಹತ್ತಿ ಹಾಸನದಲ್ಲಿ ಇಳಿದು, ಅಲ್ಲಿಂದ ಸಿಟಿ ಬಸ್ಸು. ಪಿಯುಸಿ ಮುಗಿಸಿದ್ದೆ, ಪಾಸಾಗಿರಲಿಲ್ಲ. ಆ ವರ್ಕ್‌ಶಾಪಿನಲ್ಲಿ ಹೆಂಗಸರು ನಾವು ಮೂವರೇ. ಪೇಂಟ್ ಸೆಕ್ಷನ್ ಎಂದರೆ ಗಂಡಸರ ಜಾಗ. ಅದರ ಮುಖ್ಯಸ್ಥರು ಗಫಾರ್ ಮೇಸ್ತ್ರಿ. ಹೆಚ್ಚು ಮಾತಿಲ್ಲದ ಮನುಷ್ಯ. ಅವರು ಬಣ್ಣ ಹೊಡೆದ ಬಾಗಿಲು ಮಿಕ್ಕ ಬಾಗಿಲುಗಳ ಜೊತೆ ಎಷ್ಟು ಬೆರೆಯುತ್ತಿತ್ತೆಂದರೆ, ಯಾವುದೆಂದು ಗುರುತಿಸಲು ಅವರಿಗೇ ಆಗುತ್ತಿರಲಿಲ್ಲ.

ಒಂದು ದಿನ ಬಿಳಿ ಕಾರೊಂದನ್ನು ಒರೆಸುತ್ತಿದ್ದೆ. ಎಷ್ಟು ಒರೆಸಿದರೂ ಬಾನೆಟ್ಟು ಕೈಗೆ ತರಿತರಿ. ಮತ್ತೆ ಮತ್ತೆ ಸವರಿ ನೋಡುತ್ತಿದ್ದುದು ಮೇಸ್ತ್ರಿಯ ಕಣ್ಣಿಗೆ ಬಿತ್ತು.

“ಏನಮ್ಮಾ ಅದು, ಎಮ್ಮೆ ಮೈ ಸವರ್ದಂಗೆ ಸವರ್ತಾ ಇದೀಯ?”

“ಏನೋ ಮರಳು ಮರಳಾಗೈತೆ ಸಾ. ಒರೆಸುದ್ರೂ ಓಗ್ತಿಲ್ಲ.”

ಅವರು ತಮ್ಮ ಊಟದ ಚೀಲದಿಂದ ಬ್ರೆಡ್ಡಿನ ತೆಳು ಪ್ಲಾಸ್ಟಿಕ್ ಕವರ್ ತೆಗೆದು ಕೈಗೆ ತೊಟ್ಟುಕೊಳ್ಳಲು ಹೇಳಿದರು.

“ಈಗ ಸವರು.”

ಕವರಿನೊಳಗಿಂದ ಬೆರಳಾಡಿಸಿದೆ. ಬರಿಗೈಗೆ ಒಂದಿಷ್ಟು ಗೊತ್ತಾಗುತ್ತಿದ್ದದ್ದು ಈಗ ಹತ್ತು ಪಟ್ಟಾಗಿ ಗೊತ್ತಾಯಿತು.

“ಅಯ್ಯೋ, ಉಪ್ಪುಕಾಗದ ಇದ್ದಂಗೈತಲ್ಲ ಸಾ!”

“ಅದು ಮರಳಲ್ಲ, ಕಬ್ಣ. ನನ್ ಹುಡುಗ್ರಲ್ಲಿ ಒಬ್ಬನೂ ಕೈಯಲ್ಲಿ ನೋಡಲ್ಲ, ಎಲ್ರೂ ಕಣ್ಣಲ್ಲೇ ನೋಡ್ತಾರೆ. ನಾಳೆಯಿಂದ ಈ ಕಡೆ ಬಾ.”

ಹಾಗೆ ನಾನು ಪೇಂಟ್ ಸೆಕ್ಷನ್ನಿಗೆ ಹೋದೆ. ಆಗ ಈ ಚುಕ್ಕೆಗಳನ್ನು ತೆಗೆಯಲು ನಮ್ಮಲ್ಲಿ ಇದ್ದದ್ದು ಒಂದೇ ದಾರಿ. ವಾಟರ್ ಪೇಪರ್ ಎಂಬ ನಯವಾದ ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜುವುದು, ಆಮೇಲೆ ಕಾಂಪೌಂಡ್ ಎಂಬ ಪಾಲಿಷ್ ಮುಲಾಮು ಹಚ್ಚಿ ಹೊಳಪು ತರುವುದು. ಮೇಸ್ತ್ರಿ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದರು. ಒಂದು ಜಾಗದಲ್ಲಿ ಎಂಟು ಸಲ ಕೈಯಾಡಿತೆಂದರೆ ಸಾಕು, “ತೆಗಿ ಕೈ” ಅನ್ನುತ್ತಿದ್ದರು.

“ಪಾಲಿಷ್ ಅಂದ್ರೆ ಬಣ್ಣ ಕೊಡೋದಲ್ಲ ಬೇಟಿ, ಬಣ್ಣ ತೆಗೆಯೋದು. ತೆಗೆದಿದ್ನ ತಿರ್ಗಾ ಹಾಕಕ್ಕಾಗಲ್ಲ. ಎಷ್ಟು ಕಮ್ಮಿ ತೆಗೀತೀಯ ಅನ್ನೋದರಲ್ಲಿದೆ ಕೆಲಸ.”

ಇನ್ನೊಂದು ಪಾಠವನ್ನೂ ಅವರೇ ಹೇಳಿಕೊಟ್ಟರು. ತುಕ್ಕು ಎರಡು ಥರ. ಒಳಗಿನ ತಗಡೇ ತುಕ್ಕು ಹಿಡಿದು ಬಣ್ಣವನ್ನು ಗುಳ್ಳೆಯಂತೆ ಮೇಲೆತ್ತುವುದು ಒಂದು. ಹೊರಗಿನಿಂದ ಬಂದ ಕಬ್ಬಿಣ ಬಣ್ಣದ ಮೇಲೆ ಕೂತು ತುಕ್ಕಾಗುವುದು ಇನ್ನೊಂದು. ಮೊದಲನೆಯದನ್ನು ತೊಳೆದು ತೆಗೆಯಲು ಆಗುವುದಿಲ್ಲ, ಟಿಂಕರಿಂಗ್ ಮಾಡಿ, ಅಂದರೆ ತಗಡನ್ನೇ ರಿಪೇರಿ ಮಾಡಿ, ಬಣ್ಣ ಹೊಡೆಯಲೇಬೇಕು. ಎರಡನೆಯದಕ್ಕೆ ಬಣ್ಣ ಹೊಡೆಯುವುದು ತಲೆನೋವಿಗೆ ತಲೆ ಬೋಳಿಸಿದ ಹಾಗೆ. ಯಾವುದು ಯಾವುದೆಂದು ಗೊತ್ತಾಗುವ ತನಕ ಕಾರು ಮುಟ್ಟಬೇಡ ಎಂದಿದ್ದರು.

ಇಷ್ಟು ಹೇಳಿಸಿಕೊಂಡವಳು ಮಾಡಿದ ತಪ್ಪನ್ನು ಈಗ ಹೇಳಬೇಕು.

ಚನ್ನರಾಯಪಟ್ಟಣದ ಹೆಡ್‌ಮಾಸ್ಟರೊಬ್ಬರು ಮಗಳ ನಿಶ್ಚಿತಾರ್ಥಕ್ಕೆ ಹೋಗುವ ಮೊದಲು ಕಾರು ಚೊಕ್ಕ ಮಾಡಿಸಿಕೊಳ್ಳಲು ಬಂದರು. ಅಲಾಯ್ ಚಕ್ರಗಳು ಬ್ರೇಕಿನ ಪುಡಿ ಕೂತು ಕಂದಾಗಿದ್ದವು. ಸೋಪು, ಸೀಮೆಎಣ್ಣೆ, ಬ್ರಷ್ಷು, ಯಾವುದಕ್ಕೂ ಜಗ್ಗಲಿಲ್ಲ. ಮೇಸ್ತ್ರಿ ಅವತ್ತು ರಜ. ಅಲ್ಲಿ ಇಲ್ಲಿ ಕೆಲವರು ಬಚ್ಚಲು ತೊಳೆಯುವ ಆಸಿಡ್ಡನ್ನು ನೀರು ಬೆರೆಸಿ ಚಕ್ರಕ್ಕೆ ಹಾಕುವುದನ್ನು ನೋಡಿದ್ದೆ. ನಾನೂ ಹಾಕಿದೆ. ನೊರೆ ಎದ್ದು ಕಂದು ಬಣ್ಣ ಇಳಿಯುತ್ತಾ ಬಂತು. ನನಗೆ ಖುಷಿಯೋ ಖುಷಿ. ಅಷ್ಟರಲ್ಲಿ ಯಾರೋ ಕರೆದರು ಎಂದು ಹೋದೆ. ಅವರು ಆಗ ತಾನೇ ಅಷ್ಟು ದೂರ ಓಡಿಸಿಕೊಂಡು ಬಂದಿದ್ದರು, ಚಕ್ರ ಇನ್ನೂ ಬಿಸಿಯಿತ್ತು ಎಂಬುದು ತಲೆಗೆ ಹೊಳೆಯಲೇ ಇಲ್ಲ. ತಿರುಗಿ ಬಂದು ನೀರು ಹಾಕಿದೆ. ಕಂದು ಹೋಗಿತ್ತು. ಅದರ ಜಾಗದಲ್ಲಿ ಮಜ್ಜಿಗೆ ಚೆಲ್ಲಿ ಒಣಗಿದಂತೆ ಬಿಳಿ ಬಿಳಿ ಕಲೆ. ಉಜ್ಜಿದೆ, ಕಾಂಪೌಂಡ್ ಹಾಕಿದೆ. ನಾಲ್ಕಕ್ಕೆ ನಾಲ್ಕೂ ಚಕ್ರ ಹಾಳಾಗಿದ್ದವು.

ಆಗಿನ ಸೂಪರ್‌ವೈಸರ್ ಬಂದು ನೋಡಿ, “ಮೊದ್ಲೇ ಇಂಗಿತ್ತು ಅನ್ನಿ. ಕೊಳೆ ಇದ್ದಿದ್ರಿಂದ ಕಾಣ್ತಿರ್ಲಿಲ್ಲ ಅನ್ನಿ. ಮುಗೀತು” ಎಂದ.

ಹೆಡ್‌ಮಾಸ್ಟರು ಹೊರಗೆ ಬೆಂಚಿನ ಮೇಲೆ ಕೂತು ಪೇಪರ್ ಓದುತ್ತಿದ್ದರು. ಅವರ ಮುಂದೆ ಹೋಗಿ ನಿಂತೆ.

“ಸಾ, ನಿಮ್ ಚಕ್ರ ಹಾಳ್ಮಾಡ್ಬುಟ್ಟೆ. ಆಸಿಡ್ ಹಾಕ್ದೆ. ನಂದೇ ತಪ್ಪು.”

ಎದ್ದು ಬಂದು ನೋಡಿದರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. “ಗೊತ್ತಿಲ್ದೆ ಇದ್ಮೇಲೆ ಯಾಕಮ್ಮ ಮುಟ್ಟಿದ್ರಿ?” ಎಂದು ಕೇಳಿದರು, ಅಷ್ಟೆ. ಮಾಲೀಕರು ಅವರಿಗೆ ಹೊಸ ಚಕ್ರ ಹಾಕಿಸಿಕೊಟ್ಟರು. ನನ್ನನ್ನು ಮತ್ತೆ ಮ್ಯಾಟು ತೊಳೆಯಲು ಹಾಕಿದರು. ಆರು ತಿಂಗಳು ಅದನ್ನೇ ಮಾಡಿದೆ. ಹೆಡ್‌ಮಾಸ್ಟರು ಮತ್ತೆಂದೂ ನಮ್ಮ ವರ್ಕ್‌ಶಾಪಿನ ಕಡೆ ಬರಲಿಲ್ಲ. ನಿಜ ಹೇಳಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ನಿಮಗೆ ಹೇಳಲಾರೆ. ನನ್ನ ವಿಷಯದಲ್ಲಿ ಹಾಗಾಗಲಿಲ್ಲ.

ಆ ಆರು ತಿಂಗಳಲ್ಲಿ ಒಂದು ಹಟ ಹಿಡಿದೆ. ವರ್ಕ್‌ಶಾಪಿನಲ್ಲಿರುವ ಪ್ರತಿ ಬಾಟಲಿ, ಪ್ರತಿ ಡಬ್ಬದ ಮೇಲೆ ಏನು ಬರೆದಿದೆ ಎಂದು ತಿಳಿಯದೆ ಇನ್ನು ಮೇಲೆ ಒಂದನ್ನೂ ಮುಟ್ಟುವುದಿಲ್ಲ. ಎಲ್ಲ ಇಂಗ್ಲಿಷು, ಅದೂ ಎಳ್ಳಿನಷ್ಟು ಅಕ್ಷರ. ಊಟದ ಹೊತ್ತಿನಲ್ಲಿ ಒಂದೊಂದೇ ಲೇಬಲ್ ಬರೆದುಕೊಂಡು, ರೈಲಿನಲ್ಲಿ ಡಿಕ್ಷನರಿ ಹಿಡಿದು ಕೂರುತ್ತಿದ್ದೆ. ರೈಲಿನಲ್ಲಿ ಬರುತ್ತಿದ್ದ ಕಾಲೇಜು ಹುಡುಗಿಯರು ಮೊದಮೊದಲು ನಗುತ್ತಿದ್ದರು. ಆಮೇಲೆ ಅವರೇ ಅರ್ಥ ಹೇಳತೊಡಗಿದರು. ಪಿಯುಸಿಯಲ್ಲಿ ನನ್ನನ್ನು ಕೆಡವಿದ್ದೇ ಇಂಗ್ಲಿಷು. ಈಗ ಅದರ ಕೊರಳಪಟ್ಟಿ ಹಿಡಿದೆ. ಮೇಸ್ತ್ರಿ ನನ್ನನ್ನು ವಾಪಸು ಕರೆಸಿಕೊಂಡಾಗ ಅವರ ಹುಡುಗರು “ಯಾವ ಬಾಟ್ಲಿ ಗಿರಿಜಕ್ಕ?” ಎಂದು ನನ್ನನ್ನೇ ಕೇಳುವಂತಾಗಿತ್ತು.

ಕೆಲವು ವರ್ಷ ಕಳೆದ ಮೇಲೆ ಕಬ್ಬಿಣ ಬಿಡಿಸಲು ಹೊಸ ಔಷಧಿ ಬಂತು. ಕಂಪನಿಯಿಂದ ತರಬೇತಿ ಕೊಡಲು ಬಂದವರು ಒಂದು ಚಕ್ರಕ್ಕೆ ನೀರಿನಂಥ ದ್ರವ ಸಿಂಪಡಿಸಿ, “ಸುಮ್ಮನೆ ನೋಡಿ” ಎಂದರು. ಎರಡು ನಿಮಿಷದಲ್ಲಿ ಚಕ್ರದ ತುಂಬ ನೇರಳೆ ಬಣ್ಣ ಒಡೆದು ನೆಲಕ್ಕೆ ಹರಿಯಿತು. ಆ ದ್ರವ ಕಬ್ಬಿಣಕ್ಕೆ ಮಾತ್ರ ಅಂಟುತ್ತದೆ, ಅಂಟಿ ಕರಗಿಸಿದಾಗ ನೇರಳೆಯಾಗುತ್ತದೆ. ಎಲ್ಲಿ ನೇರಳೆಯೋ ಅಲ್ಲಿ ಕಬ್ಬಿಣ.

ಗಫಾರ್ ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದು, “ಅರೆ, ಚಕ್ರ ರಕ್ತ ಕಕ್ತಾ ಇದೆಯಲ್ಲೋ!” ಎಂದರು.

ವಾಸನೆ ಮಾತ್ರ ಕೊಳೆತ ಮೊಟ್ಟೆಯದು. ಮೊದಲ ದಿನ ಅದನ್ನು ಬಳಸಿ ರೈಲು ಹತ್ತಿದಾಗ ಪಕ್ಕದ ಹೆಂಗಸು ಸೆರಗು ಮೂಗಿಗೆ ಹಿಡಿದು, “ಯಾರವ್ವ ಅದು, ಬ್ಯಾಗಲ್ಲಿ ಮೊಟ್ಟೆ ಒಡೆದಾಕ್ಕಂಡವ್ರೆ?” ಎಂದು ಎಲ್ಲರ ಬ್ಯಾಗು ನೋಡಿದಳು. ನಾನೂ ಅವಳ ಜೊತೆ ಹುಡುಕಿದೆ.

ಮೇಸ್ತ್ರಿಗೆ ಅದರ ಮೇಲೆ ನಂಬಿಕೆ ಬರಲು ಒಂದು ತಿಂಗಳು ಹಿಡಿಯಿತು. ಕೊನೆಗೆ ಗುಜರಿಗೆ ಹೋಗಬೇಕಿದ್ದ ಬಾನೆಟ್ಟಿನ ನಡುವೆ ಟೇಪು ಅಂಟಿಸಿ, ಒಂದರ್ಧವನ್ನು ತಾವು ವಾಟರ್ ಪೇಪರಿನಿಂದ ಉಜ್ಜಿದರು. ಇನ್ನರ್ಧಕ್ಕೆ ನಾನು ಔಷಧಿ ಹಾಕಿ ತೊಳೆದು, ಹಿಟ್ಟಿನಂತೆ ಮೆತ್ತಗಿರುವ ಕ್ಲೇ ಉಂಡೆಯಿಂದ ನೀರು ಹಾಕುತ್ತಾ ಸವರಿ ಉಳಿದದ್ದನ್ನು ತೆಗೆದೆ. ಎರಡನ್ನೂ ಹೊರಗೆ ಇಬ್ಬನಿಗೆ ಇಟ್ಟರು. ಹದಿನೈದು ದಿನದ ಮೇಲೆ ಅವರ ಅರ್ಧದಲ್ಲಿ ಚುಕ್ಕೆಗಳು ಮತ್ತೆ ಮೂಡಿದ್ದವು. ಪೇಪರು ಕಬ್ಬಿಣದ ತಲೆಯನ್ನಷ್ಟೇ ಕತ್ತರಿಸಿತ್ತು, ಬುಡ ಬಣ್ಣದಲ್ಲೇ ಉಳಿದಿತ್ತು. ಮೇಸ್ತ್ರಿ ಅದರ ಮೇಲೆ ಬೆರಳಾಡಿಸಿ ನೋಡಿದರು.

“ಮೂವತ್ತು ವರ್ಷ ತಲೆ ಕತ್ತರಿಸಿದ್ದೇ ಬಂತು” ಎಂದು ನಕ್ಕರು. ನಗುವಾಗ ಕಣ್ಣು ನನ್ನ ಕಡೆ ತಿರುಗಲಿಲ್ಲ. ಅದಾದ ವರ್ಷ ನಿವೃತ್ತರಾದರು. ಹೋಗುವ ದಿನ, “ಇನ್ಮೇಲೆ ಬಿಳಿ ಕಾರು ನಿಂದು” ಎಂದರು.

ಔಷಧಿ ಬಂದಿತು, ಗ್ಲೌಸು ಬರಲಿಲ್ಲ. ನನ್ನ ಬೆರಳ ಸಂದಿಯ ಚರ್ಮ ಸುಲಿಯತೊಡಗಿತು. ಲೇಬಲ್ಲಿನಲ್ಲಿ ಗ್ಲೌಸು, ಮಾಸ್ಕು ಕಡ್ಡಾಯ ಎಂದು ಬರೆದಿರುವುದನ್ನು ಮ್ಯಾನೇಜರಿಗೆ ತೋರಿಸಿದೆ. “ತರಿಸೋಣ” ಎಂದರು. ಹದಿನೈದು ದಿನ ಕಾದು, ಬಾಟಲಿಯನ್ನು ಮ್ಯಾನೇಜರ್ ಮೇಜಿನ ಮೇಲೆ ಇಟ್ಟು, “ಗ್ಲೌಸ್ ಬಂದಾಗ ಕೊಡಿ ಸಾ, ಅಲ್ಲೀಗಂಟ ಸೀಟ್ ಒರೆಸ್ತೀನಿ” ಎಂದು ಬಂದೆ. ಎರಡೇ ದಿನಕ್ಕೆ ಬಂತು. ಹೊಸಬರೇ, ಇದೊಂದನ್ನು ಯಾರ ಮುಲಾಜಿಗೂ ಬಿಡಬೇಡಿ.

ಇನ್ನು ಅರಕಲಗೂಡಿನ ಲೋಕೇಶನ ಕಾರಿನ ಕಥೆ. ನನ್ನ ಅಷ್ಟೂ ವರ್ಷದ ಕೆಲಸದಲ್ಲಿ ನೆನಪಿಗೆ ಮೊದಲು ಬರುವುದು ಅದೇ.

ಲೋಕೇಶ ಹತ್ತು ವರ್ಷ ಬೇರೆಯವರ ಟ್ಯಾಕ್ಸಿ ಓಡಿಸಿ, ಕೊನೆಗೆ ಸ್ವಂತಕ್ಕೊಂದು ಹೊಸ ಬಿಳಿ ಕಾರು ತೆಗೆದುಕೊಂಡಿದ್ದ. ನಮ್ಮ ವರ್ಕ್‌ಶಾಪಿಗೆ ಅಂಟಿಕೊಂಡಿದ್ದ ಶೋರೂಮಿನಿಂದಲೇ. ನಾಲ್ಕು ತಿಂಗಳು ತುಂಬುವ ಮೊದಲೇ ಒಂದು ಬೆಳಿಗ್ಗೆ ಕಾರು ತಂದು ಬಾಗಿಲಿಗೆ ಅಡ್ಡ ನಿಲ್ಲಿಸಿದ. ಮೈ ತುಂಬ ಕಂದು ಚುಕ್ಕೆ, ಅಮ್ಮ ಎದ್ದ ಮಗುವಿನ ಹಾಗೆ.

“ಹಳೇ ಗಾಡಿಗೆ ಬಣ್ಣ ಬಳ್ದು ಕೊಟ್ಟವ್ರೆ! ನಾಕ್ ತಿಂಗ್ಳಿಗೇ ತುಕ್ಕು! ನೋಡ್ರಣ್ಣಾ, ಎಲ್ರೂ ನೋಡಿ!” ಎಂದು ಹೊಸ ಕಾರು ನೋಡಲು ಬಂದವರನ್ನೆಲ್ಲ ಕರೆದು ತೋರಿಸುತ್ತಿದ್ದ.

ಆಗಿನ ಮ್ಯಾನೇಜರ್ ಚಿಕ್ಕ ವಯಸ್ಸಿನವರು. ಕೆಟ್ಟವರಲ್ಲ, ಗಲಾಟೆಗೆ ಹೆದರುವವರು. ಟಿಂಕರ್ ಕಾರು ನೋಡಿ, “ಫುಲ್ ಬಾಡಿ ಉಜ್ಜಿ ಬಣ್ಣ ಹೊಡೀಬೇಕು ಸಾ” ಎಂದ. ಮ್ಯಾನೇಜರ್ ಒಪ್ಪಿದರು. ಬಣ್ಣ ಹೊಡೆದುಕೊಡುತ್ತೇವೆ, ಇನ್ನು ತಕರಾರಿಲ್ಲ ಎಂದು ಬರೆದುಕೊಡಿ ಎಂದು ಲೋಕೇಶನಿಗೆ ಹೇಳಿದರು. ಲೋಕೇಶ ಬೇರೆ ಕಾರೇ ಬೇಕೆಂದು ಪಟ್ಟು ಹಿಡಿದ.

ನಾನು ಅಷ್ಟರಲ್ಲಿ ಕಾರಿನ ಸುತ್ತ ಒಂದು ಸುತ್ತು ಬಂದಿದ್ದೆ.

“ಸಾ, ಇದುಕ್ಕೆ ಬಣ್ಣ ಬ್ಯಾಡ” ಎಂದೆ.

“ಅಕ್ಕ, ಬಾಡಿ ವಿಷಯ ಟಿಂಕರ್ ನೋಡ್ಕೋತಾರೆ. ನೀವು ಹೋಗಿ.”

“ಒಂದ್ ಮಾತು ಕೇಳ್ತೀನಿ ಸಾ. ಈ ಬಂಪರ್ ಯಾತರದು?”

“ಪ್ಲಾಸ್ಟಿಕ್.”

“ಪ್ಲಾಸ್ಟಿಕ್ಕಿಗೆ ತುಕ್ಕು ಇಡೀತದಾ ಸಾ?”

ಎಲ್ಲರೂ ಬಂಪರಿನ ಕಡೆ ಬಗ್ಗಿದರು. ಬಾಗಿಲಿನ ಮೇಲೆ ಇದ್ದಂಥದ್ದೇ ಚುಕ್ಕೆ ಬಂಪರಿನ ಮೇಲೂ ಇದ್ದವು. ಎಡಗಡೆ ಗಾಜಿನ ಮೇಲೂ ಇದ್ದವು. ಗಾಜಿಗೂ ತುಕ್ಕು ಹಿಡಿಯುವುದಿಲ್ಲ. ಇನ್ನೊಂದು ಸಂಗತಿ, ಎಡಗಡೆ ರಾಗಿ ಚೆಲ್ಲಿದಷ್ಟಿದ್ದ ಚುಕ್ಕೆ ಬಲಗಡೆ ಹುಡುಕಿದರೂ ನಾಲ್ಕೈದು. ಇದು ಕಾರಿನ ಒಳಗಿಂದ ಬಂದದ್ದಲ್ಲ. ಎಡಗಡೆಯಿಂದ ಯಾವುದೋ ಕಬ್ಬಿಣ ಹಾರಿ ಬಂದು ಕೂತಿದೆ. ಇದರ ಮೇಲೆ ಉಜ್ಜಿ ಬಣ್ಣ ಹೊಡೆದರೆ ಬುಡ ಒಳಗೇ ಉಳಿದು ಮತ್ತೆ ಮೂಡುತ್ತದೆ. ಸಾಲದ್ದಕ್ಕೆ, ಹೊಸ ಕಾರಿಗೆ ಪೂರ್ತಿ ಬಣ್ಣ ಹೊಡೆಸಿದ್ದಾನೆ ಎಂದರೆ ನಾಳೆ ಅದನ್ನು ಯಾರೂ ಆಕ್ಸಿಡೆಂಟ್ ಆಗದ ಗಾಡಿ ಎಂದು ನಂಬುವುದಿಲ್ಲ. ಇಷ್ಟನ್ನೂ ಹೇಳಿದೆ.

“ಗಾಡಿ ಎಲ್ಲಿ ನಿಲ್ಲುಸ್ತೀಯಪ್ಪ?” ಎಂದು ಲೋಕೇಶನನ್ನು ಕೇಳಿದೆ.

“ನಮ್ ಅಕ್ಕನ ಮನೆ ಪಕ್ಕ ಜಾಗ ಐತೆ, ಅಲ್ಲಿ.”

“ಎಡಗಡೆಗೆ ಏನೈತೆ?”

“ಬಾವುಂದು ಅಂಗ್ಡಿ. ಕಿಟಕಿ ಗ್ರಿಲ್ಲು, ಗೇಟು ಮಾಡ್ತಾರೆ.” ಅಂದವನು ತಕ್ಷಣ ಮುಖ ಗಂಟಿಕ್ಕಿದ. “ಅದ್ಯಾಕೆ? ಈಗ ನಮ್ ಬಾವನ್ ಮ್ಯಾಲೆ ಆಕಕ್ಕೆ ನೋಡ್ತಿದೀರಾ?”

ಅವನ ಸಿಟ್ಟು ನ್ಯಾಯವಾದದ್ದೇ. ಶೋರೂಮಿನವರು ತಪ್ಪು ಜಾರಿಸುತ್ತಿದ್ದಾರೆ ಎಂದೇ ಯಾರಿಗಾದರೂ ಅನ್ನಿಸುತ್ತದೆ. ನಾನು ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ, ಕಣ್ಣಿಗೆ ತೋರಿಸಬೇಕು. ಮ್ಯಾನೇಜರ್ ಹತ್ತಿರ ಒಂದು ವಾರದ ಸಮಯ ಕೇಳಿದೆ.

“ಒಂದೇ ವಾರ. ಆಮೇಲೆ ಪೇಂಟ್ ಬೂತ್‌ಗೆ ಹೋಗೋದೇ” ಎಂದರು. ಅಲ್ಲಿಯ ತನಕ ಕಾರನ್ನು ವರ್ಕ್‌ಶಾಪಿನಲ್ಲೇ ಬಿಡಲು ಲೋಕೇಶನೂ ಒಪ್ಪಿದ.

ಗುಜರಿಯಲ್ಲಿದ್ದ ಒಂದು ಬಿಳಿ ಬಾಗಿಲಿನ ತಗಡನ್ನು ಎರಡು ತುಂಡು ಮಾಡಿಸಿ, ತೊಳೆದು, ಹೊಳಪು ಬರಿಸಿ, ಹಳೇ ಸೀರೆಯಲ್ಲಿ ಸುತ್ತಿಕೊಂಡು ಭಾನುವಾರ ಅರಕಲಗೂಡಿನ ಬಸ್ಸು ಹತ್ತಿದೆ. ಕಂಡಕ್ಟರ್ ಏನಮ್ಮ ಅದು ಎಂದು ಕೇಳಿದ್ದಕ್ಕೆ ‘ಸಾಕ್ಷಿ’ ಎಂದೆ. ಅವನು ಟಿಕೆಟ್ ಹರಿದು ಕೊಟ್ಟು ಮುಂದಕ್ಕೆ ಹೋದ.

ಲೋಕೇಶನ ಬಾವನ ಹೆಸರು ಮಂಜಣ್ಣ. ಮನೆಗೆ ಅಂಟಿಕೊಂಡಂತೆ ಅಂಗಡಿ. ಅಂಗಡಿ ಮುಂದೆ ಬಯಲಲ್ಲೇ ಕಬ್ಬಿಣ ಕೊಯ್ದು, ವೆಲ್ಡಿಂಗ್ ಮಾಡಿ, ಗ್ರೈಂಡರ್ ಹಿಡಿಯುವುದು. ಅದರ ಹತ್ತಡಿ ದೂರದಲ್ಲಿ ಕಾರು ನಿಲ್ಲುವ ಜಾಗ. ಕಂಡ ಕೂಡಲೇ ನನಗೆ ಗೊತ್ತಾಯಿತು. ಆದರೆ ನನಗೆ ಗೊತ್ತಾದರೆ ಏನು ಬಂತು? ನಾನು ಬಂದ ಕೆಲಸವನ್ನು ಬಚ್ಚಿಡದೆ ಹೇಳಿದೆ.

ಮಂಜಣ್ಣ ಕೈಯಲ್ಲಿದ್ದ ಗ್ರೈಂಡರ್ ಕೆಳಗಿಟ್ಟರು.

“ಅಲ್ಲಾ ಕಣಮ್ಮ, ಅವನು ನನ್ ಬಾಮೈದ. ಗಾಡಿ ತಗಂಡಾಗ ಬೀದೀಲಿ ಬ್ಯಾಡ ಇಲ್ಲಿ ನಿಲ್ಸು ಅಂತ ಜಾಗ ಬುಟ್ಕೊಟ್ಟೋನೇ ನಾನು. ಅಂಥಾ ಗಾಡೀನ ನಾನೇ ಆಳ್ಮಾಡ್ತೀನಾ?”

“ಬೇಕೂಂತ ಮಾಡುದ್ರಿ ಅಂತ ಯಾರಂದ್ರು? ನನ್ ಮಾತೂ ಬ್ಯಾಡ, ನಿಮ್ ಮಾತೂ ಬ್ಯಾಡ. ಈ ತಗಡು ಯೋಳ್ಲಿ.”

ಅವರು ತಗಡನ್ನೂ ನನ್ನನ್ನೂ ನೋಡಿದರು. “ತಗ್ಲಾಕಿ. ನಂದಲ್ಲ ತಪ್ಪು ಅಂತಾದ್ರೆ ನಿಮ್ ಮ್ಯಾನೇಜರ್ ಇಲ್ಲಿಗೇ ಬಂದು ಅದ್ನ ಯೋಳ್ಬೇಕು.”

“ಕರ್ಕಂಬತ್ತೀನಿ.”

ಹೇಳಿಬಿಟ್ಟೆ, ಮ್ಯಾನೇಜರನ್ನು ಕೇಳಿಯೇ ಇರಲಿಲ್ಲ. ಒಂದು ತುಂಡನ್ನು ಕಾರು ನಿಲ್ಲುವ ಜಾಗದಲ್ಲಿ, ಇನ್ನೊಂದನ್ನು ಮನೆಯ ಹಿಂದುಗಡೆ ತಾರಸಿಯ ಮೇಲೆ ನಿಲ್ಲಿಸಿದೆವು. ಬೆಳಿಗ್ಗೆ ಸಂಜೆ ಎರಡಕ್ಕೂ ನೀರು ಚಿಮುಕಿಸಲು ಲೋಕೇಶನ ಅಕ್ಕ ಸವಿತ ಒಪ್ಪಿಕೊಂಡಳು. ಎಂಟು ತಿಂಗಳ ಕೂಸು ಕಂಕುಳಲ್ಲಿತ್ತು.

ಆ ವಾರ ನನಗೆ ಅನ್ನ ರುಚಿಸಲಿಲ್ಲ. ತಗಡು ಬೆಳ್ಳಗೇ ಉಳಿದರೆ ಟಿಂಕರ್ ನಗುತ್ತಾನೆ, ಅದು ದೊಡ್ಡದಲ್ಲ. ಬಾವ ಬಾಮೈದರ ನಡುವೆ ನಾನೊಂದು ಹುಳಿ ಹಿಂಡಿದಂತಾಗುತ್ತದೆ. ತಗಡು ಕಂದಾದರೂ ಅದೇ ಗತಿ. ಹೇಗೆ ನೋಡಿದರೂ ಆ ಮನೆಗೆ ನಾನು ಒಳ್ಳೆಯದನ್ನು ಹೊತ್ತುಕೊಂಡು ಹೋಗುತ್ತಿರಲಿಲ್ಲ. ಆದರೂ ಹೋಗಲೇಬೇಕಿತ್ತು.

ಮುಂದಿನ ಭಾನುವಾರ ನಾನು ಹೋದಾಗ ಲೋಕೇಶನೂ ಬಂದಿದ್ದ. ಮಂಜಣ್ಣನೇ ತಾರಸಿಯ ಮೇಲಿನ ತಗಡನ್ನು ಇಳಿಸಿ ತಂದು ಇನ್ನೊಂದರ ಪಕ್ಕ ಇಟ್ಟರು. ತಾರಸಿಯದು ಬೆಳ್ಳಗಿತ್ತು. ಅಂಗಡಿ ಪಕ್ಕದ್ದರ ಮೇಲೆ ನಡುವಿನಿಂದ ಕೆಳಗೆ ಸಣ್ಣ ಸಣ್ಣ ಕಂದು ಚುಕ್ಕೆ. ಲೋಕೇಶ ಬಾವನ ಕಡೆ ತಿರುಗಿದ. ಈಗ ಬಾಯಿಬಿಡುತ್ತಾನೆ, ಈಗ ಜಗಳ ಹತ್ತುತ್ತದೆ ಎಂದುಕೊಂಡೆ.

ಸವಿತ ತಗಡನ್ನೇ ನೋಡುತ್ತಿದ್ದವಳು ಸರ್ರನೆ ಒಳಗೆ ಹೋಗಿ ಒಂದು ಕಂತೆ ಬಟ್ಟೆ ತಂದು ಹಾಸಿದಳು. ಕೂಸಿನ ಬಿಳಿ ಬಟ್ಟೆಗಳು. ಒಂದೊಂದರ ಮೇಲೂ ಅದೇ ಚುಕ್ಕೆ.

“ಇವ್ನ ಆ ತಂತಿ ಮ್ಯಾಲೆ ಒಣಗಾಕೋದು ಕಣಕ್ಕ” ಎಂದು ಕಾರು ನಿಲ್ಲುವ ಜಾಗದ ಮೇಲಿದ್ದ ತಂತಿ ತೋರಿಸಿದಳು. “ಬೋರ್ ನೀರು ಸರಿಯಿಲ್ಲ ಅಂದ್ಕಂಡಿದ್ದೆ. ಸೋಪ್ ಬದಲಾಯ್ಸಿ ನೋಡ್ದೆ. ಎಷ್ಟು ತೊಳುದ್ರೂ ಓಗ್ತಿರ್ಲಿಲ್ಲ.”

ಮಂಜಣ್ಣ ಒಂದು ಬಟ್ಟೆ ಎತ್ತಿ ಬೆಳಕಿಗೆ ಹಿಡಿದರು. ಆಮೇಲೆ ಅಲ್ಲೇ ಕುಕ್ಕರಿಸಿದರು.

“ಗಾಡಿ ಮನೆ ಆಳಾಗೋಗ್ಲಿ” ಎಂದರು ಮೆಲ್ಲಗೆ. “ಈ ಪುಡಿ ನಮ್ ಮಗೀನ್ ಮೈಮ್ಯಾಲೆ ಇತ್ತಲ್ಲ. ಕಣ್ಗೆ ಓಗಿದ್ರೆ?”

ಲೋಕೇಶ ಏನು ಹೇಳಬೇಕೆಂದು ಬಂದಿದ್ದನೋ ಅದನ್ನು ಹೇಳಲಿಲ್ಲ. ಬಾವನ ಪಕ್ಕ ಕೂತು, “ಬುಡು ಬಾವ. ಯಾರ್ಗ್ ಗೊತ್ತಿತ್ತು” ಎಂದ. ಆಮೇಲೆ ಇಬ್ಬರೂ ಎದ್ದು ಅಂಗಡಿಯ ಹಿಂದುಗಡೆ ಜಾಗ ಅಳೆಯತೊಡಗಿದರು. ಆ ತಿಂಗಳಲ್ಲೇ ಗ್ರೈಂಡರ್ ಕೆಲಸ ಹಿಂದಕ್ಕೆ ಹೋಯಿತು, ನಡುವೆ ತಗಡಿನ ಗೋಡೆ ಎದ್ದಿತು. ಬರಿಗಣ್ಣಲ್ಲೇ ಕಿಡಿ ನೋಡಿಕೊಂಡು ಬಂದಿದ್ದ ಮಂಜಣ್ಣ ಕನ್ನಡಕ ಹಾಕತೊಡಗಿದರು ಎಂದು ಆಮೇಲೆ ಸವಿತ ಹೇಳಿದಳು.

ಸೋಮವಾರ ಎರಡೂ ತಗಡನ್ನು ಮ್ಯಾನೇಜರ್ ಮೇಜಿನ ಮೇಲೆ ಇಟ್ಟೆ. ಅವರು ಒಂದನ್ನು ಬೆರಳಿನಿಂದ ಮುಟ್ಟಿ, ಇನ್ನೊಂದನ್ನು ಮುಟ್ಟಿ, “ಕಾರು ನೀವೇ ತಗೊಳ್ಳಿ” ಎಂದರು.

ಮೂರು ದಿನ ಹಿಡಿಯಿತು. ಕಾರನ್ನು ನೆರಳಲ್ಲಿ ನಿಲ್ಲಿಸಿ, ತಗಡು ತಣ್ಣಗಾಗುವ ತನಕ ಕಾದೆ. ಬಿಸಿ ತಗಡಿನ ಮೇಲೆ ಔಷಧಿ ಒಣಗಿದರೆ ಅದೇ ಹೊಸ ಕಲೆಯಾಗುತ್ತದೆ. ಒಂದೊಂದೇ ಬಾಗಿಲು. ಸಿಂಪಡಿಸಿ, ನೇರಳೆ ಇಳಿಯುವುದನ್ನು ನೋಡಿ, ಒಣಗುವ ಮೊದಲೇ ನೀರು ಹೊಡೆದು, ಮತ್ತೆ ಸಿಂಪಡಿಸಿ. ಎಡಗಡೆಯಿಂದ ನೇರಳೆ ನೀರು ಹರಿದು ಚರಂಡಿ ತನಕ ಹೋಯಿತು. ಮೂರನೇ ಸಲಕ್ಕೆ ಬಣ್ಣ ತೆಳುವಾಯಿತು, ನಾಲ್ಕಕ್ಕೆ ಬರಲೇ ಇಲ್ಲ. ಆಮೇಲೆ ಕ್ಲೇ. ಅಂಗೈಯಗಲದ ಜಾಗ ಸವರಿ, ಉಂಡೆಯನ್ನು ಮಡಚಿ, ಹೊಸ ಮುಖ ತೆಗೆದು, ಮತ್ತೆ ಅಂಗೈಯಗಲ. ಎರಡನೇ ದಿನ ಉಂಡೆ ಕೈಜಾರಿ ನೆಲಕ್ಕೆ ಬಿತ್ತು. ಎತ್ತಿ ಕಸದ ಡಬ್ಬಕ್ಕೆ ಹಾಕಿದೆ. ನೆಲದ ಒಂದು ಹರಳು ಸಾಕು, ಮಾಡಿದ ಅಷ್ಟೂ ಕೆಲಸ ಹಾಳಾಗಲು.

ಮೂರನೇ ದಿನ ಮಧ್ಯಾಹ್ನ ಲೋಕೇಶ ಬಂದ. ಕಾರು ಬಿಳುಪಾಗಿ ನಿಂತಿತ್ತು. ಅವನು ಖುಷಿ ಪಡುವ ಮೊದಲು ಅವನನ್ನು ಎಡಗಡೆ ಹಿಂಬಾಗಿಲ ಹತ್ತಿರ ಕರೆದೆ.

“ಇಲ್ಲಿ ನೋಡು. ಇವು ಬಿಸಿ ಕಿಡಿ ಬಿದ್ದು ಬಣ್ಣ ಸುಟ್ಟಿರೋ ಗುಳಿ. ಹನ್ನೊಂದವೆ. ಕಬ್ಣ ತೆಗ್ದಿದೀನಿ, ಗುಳಿ ಓಗಲ್ಲ. ಓಗ್ಬೇಕು ಅಂದ್ರೆ ಬಣ್ಣಾನೇ ತೆಗೀಬೇಕು. ನಾನಾದ್ರೆ ಇರ್ಲಿ ಅಂತೀನಿ.”

ಅವನು ಬಗ್ಗಿ ಹನ್ನೊಂದನ್ನೂ ಎಣಿಸಿದ. “ಇರ್ಲಿ ಬುಡಕ್ಕ” ಎಂದ. ಆಮೇಲೆ ಮ್ಯಾನೇಜರ್ ಕೋಣೆಗೆ ಹೋಗಿ, “ಅವತ್ತು ಬಾಯಿಗ್ ಬಂದಂಗೆ ಕೂಗಾಡ್ಬುಟ್ಟೆ ಸಾ” ಎಂದ. ಮ್ಯಾನೇಜರ್ ಅವನಿಗೆ ಕಾಫಿ ತರಿಸಿದರು. ಜಾಬ್ ಕಾರ್ಡಿನ ಮೇಲೆ ‘ಬಣ್ಣ ಅಗತ್ಯವಿಲ್ಲ’ ಎಂದು ಬರೆದು, ಸಹಿಗೆ ಟಿಂಕರನ್ನು ಕರೆಯದೆ ನನ್ನನ್ನು ಕರೆದರು. ಅಲ್ಲಿಂದಾಚೆ ಚುಕ್ಕೆ ಬಿದ್ದ ಯಾವ ಕಾರೂ ನಾನು ನೋಡದೆ ಪೇಂಟ್ ಬೂತಿಗೆ ಹೋಗಲಿಲ್ಲ. ಟಿಂಕರ್ ನನ್ನೊಂದಿಗೆ ಒಂದು ವರ್ಷ ಮಾತು ಬಿಟ್ಟಿದ್ದ. ಆಮೇಲೆ ಅವನೇ ಕಾರು ಬಂದಾಗ “ಗಿರಿಜಕ್ಕ, ಒಳಗಿಂದಾ, ಹೊರಗಿಂದಾ?” ಎಂದು ಕೇಳತೊಡಗಿದ.

ನಿವೃತ್ತಿಯಾಗಿ ಮೂರು ತಿಂಗಳಾಗಿರಬೇಕು. ಹೊಳೆನರಸೀಪುರದ ನಮ್ಮ ಮನೆ ಮುಂದೆ ಲೋಕೇಶನ ಕಾರು ನಿಂತಿತು. ಚುಕ್ಕೆ ಬಿದ್ದಿದೆಯೇನೋ ಎಂದು ಹೊರಗೆ ಬಂದೆ. ಅದಲ್ಲ. ಗೊರೂರು ಡ್ಯಾಮಿನ ಗೇಟು ತೆಗೆದಿದ್ದಾರೆ, ನೀರು ನೋಡಲು ಅಕ್ಕ ಬಾವನನ್ನು ಕರೆದುಕೊಂಡು ಹೋಗಬೇಕು, ನೀವೂ ಬನ್ನಿ ಎಂದು ಕರೆಯಲು ಬಂದಿದ್ದ. ಯಜಮಾನರು ಹೊಲಿಗೆ ಬಿಟ್ಟು ಎದ್ದು ಬಂದು, “ಓಗ್ಬಾ ಓಗು” ಎಂದರು.

ಸೀರೆ ಬದಲಾಯಿಸಿಕೊಂಡು ಬಂದು ಕಾರಿನ ಬಾಗಿಲ ಹಿಡಿಯ ಮೇಲೆ ಕೈಯಿಟ್ಟಾಗ ಹೊಳೆಯಿತು. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಸಾವಿರ ಕಾರಿನ ಮೈ ಸವರಿದೆನೋ ಲೆಕ್ಕವಿಲ್ಲ. ನಾನು ಚೊಕ್ಕ ಮಾಡಿದ ಕಾರಿನಲ್ಲಿ ಒಂದು ದಿನವೂ ಕೂತು ಎಲ್ಲಿಗೂ ಹೋಗಿರಲಿಲ್ಲ.

ಲೋಕೇಶ ಹಿಂದಿನ ಬಾಗಿಲು ತೆಗೆದು, “ಇಲ್ಲಿ ಕುಂತ್ಕಳಿ ಅಕ್ಕ, ಆರಾಮಾಗಿರುತ್ತೆ” ಎಂದ.

“ಬ್ಯಾಡ ಕಣಪ್ಪ, ನಾನು ಮುಂದೇನೇ ಕುಂತ್ಕತೀನಿ” ಎಂದೆ. “ಅಲ್ಲಿಂದ ಬಾನೆಟ್ಟು ಕಾಣ್ತದೆ.”